ಅಂಟಿಕೊಂಡ ಕಿಟಕಿ

ದುರ್ಗಿಗುಡಿಯ ಅಡ್ಡರಸ್ತೆ, ಮಹಡಿ ಮೇಲೆ ನಮ್ಮ ಡಿಟಿಪಿ.
ಭದ್ರಾವತಿಯಲ್ಲಿ ಬಾಗಿಲು ಹಾಕಿದ ಯಾವುದೋ ಸ್ಟುಡಿಯೋದಿಂದ
ಸಾಹುಕಾರ್ರು ಗುರುಶಾಂತಪ್ಪ ಅರ್ಧ ಬೆಲೆಗೆ ಹೊತ್ತು ತಂದ ಮ್ಯಾಕು:
ಬೆನ್ನಿಗೆ ಕಚ್ಚಿದ ಸೇಬು, ಎದೆಗೆ ಉದ್ದಕ್ಕೊಂದು ಗೀರು.
ನೋಡಲು ಚೆಂದ. ಆದರೆ ಕನ್ನಡ ಜೋಡಿಸಲು ನನಗೆ
ಹದಿನೆಂಟು ವರ್ಷ ಹಳೆಯ ವಿಂಡೋಸ್ ಸಾಫ್ಟ್‌ವೇರೇ ಬೇಕು,
ಬೆರಳುಗಳಿಗೆ ಬೇರೆ ದಾರಿ ಗೊತ್ತಿಲ್ಲ.

ಕೆಳಗಿನ ಮೊಬೈಲ್ ರಿಪೇರಿ ತಬ್ರೇಜ್ ಬಂದು
ಅದನ್ನು ಇದರೊಳಗೆ ಕೂರಿಸಿದ.
ನಡುವಿನ ದುಭಾಷಿಯ ಹೆಸರು ವೈನ್, ಅಂದ.
'ವೈನಾ? ಲೇ, ಅಜ್ಜಯ್ಯನ ಫೋಟೋ ಇದೆ ಇಲ್ಲಿ!'
ಅವತ್ತಿಡೀ ನಕ್ಕಿದ್ದೆವು.

ಇವತ್ತು ನಗುವಂಥದ್ದಲ್ಲ.
ಬಡಗಿ ಮೌನೇಶಾಚಾರರ ಉತ್ತರಕ್ರಿಯೆಯ ಕಾರ್ಡು,
ನಾನೂರು ಪ್ರತಿ, ಐದು ಗಂಟೆಗೆ.
ಮಗಳು ಸರ್ವಮಂಗಳ ಸ್ಟೂಲಿನ ಮೇಲೆ,
ಮಡಿಲಲ್ಲಿ ಗ್ಯಾಸ್ ಬಿಲ್ಲು, ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
ಬಂಧುಗಳ ಪಟ್ಟಿ.
ಏಪ್ರಿಲ್ ಸೆಕೆ. ಫ್ಯಾನು ಗಾಳಿಗಿಂತ ಸದ್ದು ಹೆಚ್ಚು ಕೊಡುತ್ತದೆ.

ಮೊದಲ ಸಲ ಅಳಿಯಂದಿರ ಹೆಸರಿನಲ್ಲಿ ನಿಂತಿತು.
ಬಣ್ಣದ ಚಕ್ರ ಗಿರಗಿರ.
ಒತ್ತಿದರೆ ಇಲ್ಲ, ಎಳೆದರೆ ಇಲ್ಲ, ಕಿಟಕಿ ಗೋಡೆಯಾಗಿಬಿಟ್ಟಿತು.
ಬಲವಂತವಾಗಿ ಮುಚ್ಚಿದೆ. ಹೊಡೆದದ್ದೆಲ್ಲ ಹೋಯಿತು.
ಎರಡನೇ ಸಲ ಅಂಚಿನ ಬಳ್ಳಿ ಬಿಡಿಸಿ, ನಮ್ಮ ತೀರ್ಥರೂಪರು ಅಂತ ಹೊಡೆದು,
ದಿನಾಂಕ ಹೊಡೆದು,
ದೈವಾಧೀ

ಅಲ್ಲಿಗೆ ನಿಂತಿತು.

'ಇನ್ನೂ ಹೋಗಿಲ್ಲ ನೋಡಿ ಅಪ್ಪ' ಅಂದರು.
ನಕ್ಕರೋ ಏನೋ, ನಾನು ತಿರುಗಿ ನೋಡಲಿಲ್ಲ.

ತಬ್ರೇಜ್ ಬಂದ, ಕೈಯಲ್ಲಿ ಸೋಲ್ಡರಿನ ವಾಸನೆ.
ಹಿಂದೆ ಸರಿದದ್ದನ್ನು ಮ್ಯಾಕು ಮಲಗಿಸಿಬಿಡುತ್ತದಂತೆ,
ಆ ನಿದ್ದೆ ಕೆಡಿಸಿದ. ಪರದೆಯ ನುಣುಪು ಕಡಿಮೆ ಮಾಡಿದ.
ಇನ್ನೂ ಏನೇನೋ ಆರಿಸಿದ, ಹೊತ್ತಿಸಿದ.
ಆಗಲಿಲ್ಲ.

ಸರ್ವಮಂಗಳ ಪಟ್ಟಿ ಮಡಚುತ್ತ, ಯಾರಿಗೆ ಅಂತಿಲ್ಲದೆ ಅಂದರು:
'ಮಳೆಗಾಲಕ್ಕೆ ಕಿಟಕಿ ಅಂಟಿಕೊಂಡ್ರೆ ಜನ ಸುತ್ತಿಗೆ ತಗೋತಾರೆ.
ಅಪ್ಪ ತಗೋತಿರ್ಲಿಲ್ಲ.
ರೆಕ್ಕೆ ಮುಟ್ತಾನೇ ಇರ್ಲಿಲ್ಲ,
ಚೌಕಟ್ಟಿಗೆ ಬೆರಳು ಹಾಕಿ ಉದ್ದಕ್ಕೂ ಸವರೋರು,
ಎಲ್ಲೋ ಒಂದ್ಕಡೆ ನಿಂತು, ಇಲ್ಲಿ ಏನೋ ಇದೆ ಅನ್ನೋರು.
ಒಂದ್ಸಲ ಕಣಜದ ಗೂಡಿತ್ತು.'

ತಬ್ರೇಜ್ ಕೇಳಿಸಿಕೊಂಡನೋ, ತಾನಾಗಿ ಹೊಳೆಯಿತೋ,
ಸೆಟ್ಟಿಂಗಿನ ಒಳಗೊಂದು ಪುಟ್ಟ ಚೌಕಕ್ಕೆ ಗುರುತು ಹಾಕಿದ:
ಆ ಹಳೆಯದರ ಕಿಟಕಿಗಳೆಲ್ಲ ಇನ್ನು ಒಂದೇ ಚೌಕಟ್ಟಿನೊಳಗೆ.
'ಇನ್ಮೇಲೆ ಯಾವ್ದೂ ಯಾವ್ದರ ಹಿಂದೇನೂ ಅಡಗಂಗಿಲ್ಲ ಅಕ್ಕ.'

ಮೂರನೇ ಸಲ. ಬಳ್ಳಿ, ತೀರ್ಥರೂಪರು, ದಿನಾಂಕ.
ಹತ್ತು ನಿಮಿಷಕ್ಕೆ ಸರಿಯಾಗಿ ನಿಂತಿತು.
ಆದರೆ ಈ ಸಲ ಮುಂದೆ ಬಂತು,
ಬೆಂಕಿಪೊಟ್ಟಣದಷ್ಟು ಬೂದು ಪೆಟ್ಟಿಗೆ:

ಡಿ ಡ್ರೈವ್ ಸಿಗುತ್ತಿಲ್ಲ.
ಇದನ್ನು ಎಲ್ಲಿ ಇಡಲಿ?

ಬೆಳಗಿಂದ ಅದೇ ಕೇಳುತ್ತಿತ್ತು, ಹಿಂದೆ ನಿಂತು.
ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಕಾಪಿಡುವ ಹಳೆಯ ಅಭ್ಯಾಸ,
ಹಳೆಯ ಪೆಟ್ಟಿಗೆಯ ಹಳೆಯ ವಿಳಾಸ.
ಉತ್ತರ ಬರುವ ತನಕ ಹೆಜ್ಜೆ ಎತ್ತುವುದಿಲ್ಲ.
ನಾವೋ, ಅದರ ಕತ್ತು ಹಿಸುಕಿ ಮುಚ್ಚಿ
ಮೊದಲಿಂದ ಶುರು ಮಾಡುತ್ತಿದ್ದೆವು.

ಸರ್ವಮಂಗಳ ಎದ್ದು ಬಂದು, ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿದರು.
ಅರ್ಥ ಹೇಳಿದೆ.
ಸ್ವಲ್ಪ ಹೊತ್ತು ಫ್ಯಾನು ಮಾತ್ರ ಮಾತಾಡಿತು.

ಹೊಸ ಫೋಲ್ಡರ್ ಮಾಡಿದೆ. ಹೆಸರು ಕೇಳಿತು.
'ಅಪ್ಪ ಅಂತ ಹಾಕ್ಬೇಡಿ, ಆಮೇಲೆ ಯಾರಪ್ಪ ಅಂತ ಹುಡುಕ್ತೀರಿ?'
ಮೌನೇಶಾಚಾರ್, ಹೊಸಮನೆ, ಎಂದು ಹಾಕಿದೆ.
ಪೆಟ್ಟಿಗೆ ಹೋಯಿತು. ಕರ್ಸರು ಮಿಟುಕಿತು.
ಉಳಿದ ಅಕ್ಷರ ಹೊಡೆದೆ: ನರಾದರು.

ಕಾರ್ಡು ಕೈಗೆ ಬರುವಾಗ ಆರೂ ಕಾಲು.
ದುಡ್ಡು ಎಣಿಸಿ ಕೊಟ್ಟು, ಮೆಟ್ಟಿಲಿಗೆ ಹೋಗುವ ಮುಂಚೆ
ನಮ್ಮ ಅಂಗಡಿಯ ಕಿಟಕಿಯನ್ನೊಮ್ಮೆ ಎಳೆದರು, ಬಿಟ್ಟರು.
ಸಲೀಸಾಗಿ ಹೋಗಿ ಕೂತಿತು.
'ಸಾಗುವಾನಿ ಅಲ್ಲ ಇದು' ಅಂದರು, 'ಹೊನ್ನೆ.'