ಮೊಳಕ್ಕೆ ಎರಡು ಬೆರಳು ಕಮ್ಮಿ

ಗಾಳಿ ಇದ್ದರೆ ಮಾತು, ಗಾಳಿ ನಿಂತರೆ ಸೊಲ್ಲಿಲ್ಲ.
ಹನ್ನೊಂದು ದಿನ ಗೀಚಿದ ಪುಸ್ತಕದಲ್ಲಿ
ತಿಳಿದದ್ದು ಇದೊಂದೇ.

ನಾರಿನ್ ಸೀಮೆಯ ಸರೋವರ. ಸುತ್ತ ಒಂದು ಮರವಿಲ್ಲ.
ಈ ದಡದಲ್ಲಿ ಸಾಪರ್‌ಕುಲ್‌ನ ಉಣ್ಣೆಗುಡಾರ,
ಅದರ ಬೆನ್ನಿಗೆ ನಾನು ನೆಟ್ಟ ಎಂಟು ಮೀಟರ್ ಕಂಬ,
ನೆತ್ತಿಯಲ್ಲಿ ಹಿಟ್ಟು ನಾದುವ ಬೋಗುಣಿಯಷ್ಟು ಆಂಟೆನಾ.
ಎದುರಿಗೆ, ಒಂಬತ್ತು ಕಿಲೋಮೀಟರ್ ನೀರು ದಾಟಿ,
ಮುನ್ನೂರು ಮೀಟರ್ ಮೇಲೆ, ಕಣಿವೆಯ ಬಾಯಲ್ಲಿ
ಇದರ ಜೋಡಿ.
ಅದರಾಚೆ ಊರು, ಊರಲ್ಲಿ ಸೂಲಗಿತ್ತಿ ಜೂರಾಕನ್.

ನಡುವೆ ಅಡ್ಡ ಏನೂ ಇಲ್ಲ.
ದುರ್ಬೀನು ಹಿಡಿದರೆ ಆಚೆಯದು ಬಿಳಿ ಚುಕ್ಕೆಯಾಗಿ ಕಾಣುತ್ತದೆ.
ಆದರೂ ದಿನಾ ಸಂಜೆ
ನೀರು ಇಸ್ತ್ರಿ ಹಾಕಿದಂತಾದ ಗಳಿಗೆಗೆ ಸರಿಯಾಗಿ
ಅಂಕಿಗಳು ಮೆಟ್ಟಿಲಿಳಿಯುತ್ತವೆ:
ಮೈನಸ್ ಅರವತ್ತೆರಡು, ಎಪ್ಪತ್ತೊಂಬತ್ತು, ತೊಂಬತ್ತಮೂರು,
ಆಮೇಲೆ ಬರೀ ಸೊಂಯ್.

ಕೇಬಲ್ ಬದಲಿಸಿದೆ. ಸಂದುಗಳಿಗೆ ಮೇಣ ಮೆತ್ತಿದೆ.
ಬ್ಯಾಟರಿಯನ್ನು ಎಳೆಗೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿದೆ.
ಬಿಷ್ಕೆಕ್‌ನಲ್ಲಿರುವ ಗುರುಗಳನ್ನು ಕೇಳೋಣವೆಂದರೆ
ಕೇಳಲು ಇರುವ ದಾರಿಯೇ ಇದು.

ಸಾಪರ್‌ಕುಲ್‌ನ ತಾಯಿ ಸೆಯಿಲ್‌ಕನ್‌ಗೆ ನಗು.
ಕುಮಿಸ್ ಬಟ್ಟಲನ್ನು ನನ್ನತ್ತ ನೂಕಿ ಅಂದಳು:
“ಗಾಳಿ ನಿಂತ ಸಂಜೆ ಆಚೆ ದಡದ ನಾಯಿ
ಆಕಳಿಸಿದ್ದೂ ನನಗೆ ಕೇಳುತ್ತದಮ್ಮ.
ನಿನ್ನದಕ್ಕೆ ಆಗಲೇ ಕಿವುಡೇ?”

ಹೌದಜ್ಜಿ, ಆಗಲೇ.

ಆ ರಾತ್ರಿ ಸೊಸೆ ಬುರುಲ್ಚಗೆ ನೋವು.
ಏಳೇ ತಿಂಗಳು.
ಹೊರಗೆ ಹುಲ್ಲೆಸಳೂ ಅಲ್ಲಾಡುತ್ತಿಲ್ಲ.
ಜೀನು ಬಿಗಿಯುತ್ತಿದ್ದ ಸಾಪರ್‌ಕುಲ್, ಬೆಳಗಾಗುವಷ್ಟು ದೂರದ ಸವಾರಿಗೆ.
ನಾನು ಕಂಬದ ಬುಡದಲ್ಲಿ, ಕೈಲಾಗದವಳು,
ನೀರನ್ನು ನೋಡುತ್ತ ನಿಂತೆ.

ಕಣಿವೆಯ ಬಾಯಲ್ಲಿ ಕಾವಲು ಮುದುಕ ದೀಪ ಹಚ್ಚಿದ.
ಒಂದು ಹಚ್ಚಿದ. ನನಗೆ ಎರಡು ಕಂಡವು.
ಒಂದು ಬೆಟ್ಟದಲ್ಲಿ, ಒಂದು ನೀರಲ್ಲಿ.

ಅಯ್ಯೋ ಪೆದ್ದಿ.

ನೇರ ಬರುವುದು ಒಂದು;
ನೀರಿಗೆ ಬಡಿದು, ಬಡಿದ ಕೂಡಲೇ ತಲೆಕೆಳಗಾಗಿ,
ಮೊಳದಷ್ಟು ದಾರಿ ಬಳಸಿ ಬರುವುದು ಇನ್ನೊಂದು.
ಇದರ ಉಬ್ಬು ಅದರ ತಗ್ಗಿನಲ್ಲಿ ಕರಾರುವಾಕ್ಕಾಗಿ ಕೂತರೆ
ಉಳಿಯುವುದು ಸೊನ್ನೆ.
ಮಾತು ಬಾರದೆ ಇದ್ದದ್ದಲ್ಲ; ಎರಡು ಸಲ ಬಂದಿತ್ತು.
ಹಗಲಿನ ಗಾಳಿ ಎರಡನೆಯದನ್ನು ಚೂರುಮಾಡಿ ಚೆಲ್ಲುತ್ತಿತ್ತು;
ಅದನ್ನೇ ನಾನು ಗಾಳಿಯ ಗುಣವೆಂದು ಬರೆದುಕೊಂಡಿದ್ದೆ.

“ಜೀನು ಬಿಡು, ಇಲ್ಲಿ ಬಾ, ಹಿಡಿ ಇದನ್ನ.”
ತಿರುಪು ಸಡಿಲಿಸಿ ಒಳಗೊಳವೆಯನ್ನು ಅವನು ಎತ್ತಿದ.
ಎರಡು ಬೆರಳು: ಸೊಂಯ್.
ಗೇಣು: ಎಪ್ಪತ್ತು.
ಅವನ ತೋಳು ನಡುಗುತ್ತಿತ್ತು. ಇನ್ನಷ್ಟು, ಇನ್ನೊಂಚೂರು, ಸಾಕು!
ಮೊಳಕ್ಕೆ ಎರಡು ಬೆರಳು ಕಮ್ಮಿ: ಐವತ್ತೇಳು.
ಗಾಳಿಯ ದಿನವೂ ಕಾಣದ ಅಂಕಿ.
ಹೊಡೆದಾಡುತ್ತಿದ್ದ ಎರಡೂ ಈಗ
ಒಂದೇ ಹೊರೆಗೆ ಹೆಗಲು ಕೊಟ್ಟಿದ್ದವು.

ನಿದ್ದೆಗಣ್ಣಿನ, ಸಿಡುಕಿನ, ಜೂರಾಕನ್‌ಳ ದನಿ:
“ಎಡಮಗ್ಗುಲಿಗೆ ಮಲಗಿಸಿ. ನೀರು ಕುಡಿಸಿ.
ನೋವಿಗೂ ನೋವಿಗೂ ನಡುವೆ ಎಷ್ಟು ಹೊತ್ತು, ಎಣಿಸಿ ನನಗೆ ಹೇಳಿ.
ಫೋನು ಇಡಬೇಡಿ.”

ಇಡಲಿಲ್ಲ.
ಆರು ನಿಮಿಷ. ಎಂಟು. ಹದಿನೈದು.
ಆಮೇಲೆ ಎಣಿಸಲು ಏನೂ ಇರಲಿಲ್ಲ,
ಬುರುಲ್ಚ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.
ಆಚೆಯಿಂದ ಜೂರಾಕನ್‌ಳದೂ.

ಬೆಳಿಗ್ಗೆ ಸೆಯಿಲ್‌ಕನ್ ಕುದುರೆಕೂದಲ ದಾರ ತಂದು
ಕೊಳವೆಗೆ ಗುರುತು ಕಟ್ಟಿದಳು.
“ಹಿಮ ಕರಗಿ ನೀರು ಮೇಲೆ ಬಂದರೆ?”
ನೀರು ಏರಿದಷ್ಟೇ ಇದನ್ನೂ ಏರಿಸಬೇಕಜ್ಜಿ,
ಇಳಿದರೆ ಅಷ್ಟೇ ಇಳಿಸಬೇಕು.

ಇನ್ನೂ ವಿವರಿಸುವವಳಿದ್ದೆ. ಅವಳು ಆಗಲೇ ತಲೆಯಾಡಿಸಿ
ಹಾಲು ಕರೆಯಲು ಹೊರಟಿದ್ದಳು,
ಎಪ್ಪತ್ತು ವರ್ಷ ಗುಡಾರಕ್ಕೂ
ಅದನ್ನೇ ಮಾಡುತ್ತ ಬಂದವಳು.