ಇಪ್ಪತ್ತೇಳರ ಆಚೆ ಮೂವತ್ತೈದು

ಶಾಲೆಯಿಂದ ಬಂದ ಹಾಳೆಯಲ್ಲಿ ಮೂರು ಅಂಕಣ:
ಸ್ಥಳ, ತೆರೆದಿರುವ ವೇಳೆ, ಪ್ರವೇಶ ದರ.
ಯುದ್ಧಕಾಲದ ಮೂರು ಜಾಗ ನೋಡಿ ಬರಬೇಕು,
ಸೋಮವಾರದೊಳಗೆ, ಫೋಟೊ ಸಮೇತ.
ಹಾಳೆ ಚೀಲದ ತಳದಲ್ಲಿ ಬಾಳೆಹಣ್ಣಿನ ಸಿಪ್ಪೆಯ ಜೊತೆ
ಎರಡು ವಾರ ಮಲಗಿತ್ತು. ಇವತ್ತು ಶನಿವಾರ.

ಹಲ್ ಪಟ್ಟಣದ ಈ ತುದಿಯಲ್ಲಿ ಯುದ್ಧ ಎಲ್ಲಿದೆ ಅಂತ
ನನ್ನನ್ನು ಕೇಳಿದರೆ? ನಾನು ಅಂಚೆಯವನು.
ಹನ್ನೊಂದು ವರ್ಷದಿಂದ ಇವೇ ಹದಿನಾರು ಬೀದಿ.
ಯಾವ ನಾಯಿ ಕಚ್ಚುತ್ತದೆ, ಯಾವ ಬಾಗಿಲ ಸೀಳು
ಬೆರಳು ಕಚ್ಚುತ್ತದೆ, ಅಷ್ಟೇ ನನ್ನ ಇತಿಹಾಸ.

ಮ್ಯೂಸಿಯಮ್ಮಿನ ಬಾಗಿಲಿಗೆ ಚೀಟಿ: ಚಾವಣಿ ಸೋರುತ್ತಿದೆ,
ಈಸ್ಟರ್ ಕಳೆದ ಮೇಲೆ ಬನ್ನಿ.
ಲೈಬ್ರರಿಯಲ್ಲಿ ಹಳೇ ಕಡತ ನೋಡಿಕೊಳ್ಳುವಾಕೆ
ಬುಧವಾರ ಮಾತ್ರ ಬರುತ್ತಾಳಂತೆ.
"ಯುದ್ಧಕ್ಕೂ ರಜೆ ಇತ್ತಾ ಅಪ್ಪಾ?" ಎಂದಳು ಟ್ಯಾಮ್ಸಿನ್.
ಒಂಬತ್ತು ವರ್ಷ. ಚಳಿಗೆ ಕೆಂಪಾದ ಮೂಗು.

ಬಸ್ಸು ಹತ್ತಿ ಸಮುದ್ರದ ಕಡೆ ಹೋದೆವು.
ಹೊಲದ ಮೂಲೆಯ ಕೆಸರಲ್ಲಿ
ಒಂದು ಮಗ್ಗುಲಿಗೆ ಕುಸಿದು ಕೂತ ಕಾಂಕ್ರೀಟಿನ ಗೂಡು.
ಒಳಗೆ ಬಿಯರ್ ಡಬ್ಬಿ, ಉಚ್ಚೆಯ ನಾತ,
ಯಾರೋ ಯಾರನ್ನೋ ಪ್ರೀತಿಸಿದ ಇಸವಿ.
ಬಂದೂಕಿಗೆಂದು ಬಿಟ್ಟ ಕಿಂಡಿಯಿಂದ
ಕುರಿಯೊಂದು ನಮ್ಮನ್ನು ನೋಡಿತು.
ಒಂದನೇ ಸ್ಥಳ, ಬರೆದುಕೊಂಡಳು.
ವೇಳೆ: ಕುರಿಯನ್ನು ಕೇಳಿ.

ಎರಡನೆಯದು ಚರ್ಚಿನ ಮೋಟುಗೋಡೆ.
ಅದರುದ್ದಕ್ಕೂ ಕಬ್ಬಿಣದ ಕುಳೆಗಳು,
ಗಡ್ಡ ಹೆರೆದ ಮರುದಿನದ ಕೆನ್ನೆಯ ಹಾಗೆ.
ಕಂಬಿ ಕೊಯ್ದು ಯುದ್ಧಕ್ಕೆ ಒಯ್ದರು ಎಂದೆ,
ಎಲ್ಲೋ ಕೇಳಿದ ನೆನಪು.
"ಕಂಬಿಯಿಂದ ವಿಮಾನ ಆಯಿತಾ?"
ಗೊತ್ತಿಲ್ಲ ಮಗಳೇ. ಅದನ್ನೂ ಬರೆದುಕೊಂಡಳು, ಒಂದಕ್ಷರ ತಪ್ಪಿಸಿ.
ಕುಳೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು, ನೂರಾ ಹದಿನಾಲ್ಕು.
ಮೂರನೆಯದಕ್ಕೆ ಬೆಳಕು ಉಳಿಯಲಿಲ್ಲ.

ಮನೆಯ ದಾರಿ. ನಮ್ಮದೇ ಬೀದಿ.
ಎಣಿಸುವ ಚಾಳಿ ಅವಳ ಬೆರಳಲ್ಲಿ ಇನ್ನೂ ಇತ್ತು:
ಇಪ್ಪತ್ಮೂರು, ಇಪ್ಪತ್ತೈದು, ಇಪ್ಪತ್ತೇಳು,
ಮೂವತ್ತೈದು.
ನಿಂತಳು. "ಅಪ್ಪಾ, ಮಧ್ಯದವು ಎಲ್ಲಿ?"

ಎಲ್ಲಿ ಅಂದರೆ? ಗ್ಯಾರೇಜುಗಳಿವೆ, ತಗಡಿನ ಬಾಗಿಲು,
ಒಂದರ ಮುಂದೆ ಚಕ್ರವಿಲ್ಲದ ಕಾರು.
ನನ್ನ ಚೀಲಕ್ಕೆ ಗೊತ್ತು, ಕಾಲಿಗೆ ಗೊತ್ತು,
ಇಪ್ಪತ್ತೇಳು ಆದ ಮೇಲೆ ಇಪ್ಪತ್ತೆರಡು ಹೆಜ್ಜೆ
ಕೈಗೆ ಬಿಡುವು, ಸಿಳ್ಳೆ ಹಾಕಬಹುದು.
ಹನ್ನೊಂದು ವರ್ಷ ಹಾಕಿದ್ದೇನೆ.

ಮೂವತ್ತೈದರ ವಿನಿಫ್ರೆಡ್ ಆಕ್ಸ್‌ಟಬಿ
ಖಾಲಿ ಹಾಲಿನ ಬಾಟಲಿ ಇಡಲು ಹೊರಗೆ ಬಂದರು. ತೊಂಬತ್ತೆರಡು ವಯಸ್ಸು.
ಟ್ಯಾಮ್ಸಿನ್ ನೇರ ಅವರನ್ನೇ ಕೇಳಿದಳು.
ಅಜ್ಜಿ ಗ್ಯಾರೇಜಿನ ಕಡೆ ನೋಡಲಿಲ್ಲ.
"ಮೂವತ್ತೊಂದು ಎನಿಡ್ ಮನೆ. ನನ್ನ ಸ್ಕಿಪ್ಪಿಂಗ್ ಹಗ್ಗ
ಅವಳ ಹತ್ತಿರವೇ ಉಳಿಯಿತು. ಮರದ ಹಿಡಿ,
ಒಂದಕ್ಕೆ ಬಣ್ಣ ಹೋಗಿತ್ತು.
ವಾಪಸು ಕೊಡು ಅಂತ ಆ ಸಂಜೆ ಜಗಳ ಆಡಿದ್ದೆ."
"ಆಮೇಲೆ?"
"ಆಮೇಲೆ ಗ್ಯಾರೇಜು ಕಟ್ಟಿದರು," ಎಂದು
ಬಾಟಲಿ ಮೆಟ್ಟಿಲ ಮೇಲಿಟ್ಟು,
ಇಟ್ಟದ್ದನ್ನು ಇನ್ನೊಂದು ಚೂರು ಸರಿಸಿ,
ಬಾಗಿಲು ಹಾಕಿಕೊಂಡರು.

ಬೀದಿದೀಪದ ಹಳದಿಯಲ್ಲಿ ತೆಗೆದ ಫೋಟೊ:
ತಗಡು, ಚಕ್ರವಿಲ್ಲದ ಕಾರು, ಅಂಚಿನಲ್ಲಿ ನನ್ನ ಹೆಬ್ಬೆರಳು.
ತೆರೆದಿರುವ ವೇಳೆ: ಯಾವಾಗಲೂ.
ಪ್ರವೇಶ ದರ: ಬಹಳ ಹೊತ್ತು ಪೆನ್ನು ಕಚ್ಚಿದಳು,
ಖಾಲಿ ಬಿಟ್ಟಳು.

ಗುರುವಾರ ಹಾಳೆ ವಾಪಸು ಬಂತು.
ಗೂಡಿಗೆ ಶಾಭಾಸು, ಕುಳೆಗಳಿಗೆ ನಕ್ಷತ್ರ. ಮೂರನೆಯದರ ಪಕ್ಕ
ಕೆಂಪು ಶಾಯಿ: ಚಿತ್ರದಲ್ಲಿ ಏನಿದೆ? ಕಾಣುತ್ತಿಲ್ಲ.

ಶುಕ್ರವಾರ ಚೀಲ ಭಾರ.
ಇಪ್ಪತ್ತೇಳಕ್ಕೆ ಕರೆಂಟು ಬಿಲ್ಲು ಹಾಕಿ ಮುಂದೆ ಬಂದೆ.
ತುಟಿ ಸಿಳ್ಳೆಗೆ ಸಿದ್ಧವಾಗೇ ಇತ್ತು, ಹಳೇ ಅಭ್ಯಾಸ.
ಇಪ್ಪತ್ತೆರಡು ಹೆಜ್ಜೆ ಯಾಕೋ ಮೂವತ್ತಾದವು.
ಮೂವತ್ತೈದಕ್ಕೆ ಆಸ್ಪತ್ರೆಯ ಕಾಗದ,
ಬೀಜದಂಗಡಿಯ ಬೆಲೆಪಟ್ಟಿ.