ಯಾವ ಊರಿನ ಕಿತ್ತಳೆ?

ಡಾಕ್ಟರಮ್ಮ ಹೇಳಿದರು: ಒಂದು ನಿಂಬೆಯಷ್ಟು,
ಒಂದು ಕಿತ್ತಳೆಯಷ್ಟು,
ಹಿಂಬದಿಗೆ ಆತುಕೊಂಡಿರುವುದು
ಎಳೆಯ ಪರಂಗಿಯಷ್ಟು.
ಯಾವ ಊರಿನ ಕಿತ್ತಳೆ, ಅಂದೆ.
ಸಾಲ್ವಡೋರಿನ ಸಂತೆಯಲ್ಲಿ ಇಪ್ಪತ್ತೆರಡು ವರ್ಷ
ಹಣ್ಣು ತೂಗಿದವಳು ನಾನು.
ಅಂದಾಜಿಗೆಲ್ಲ ಒಪ್ಪುವವಳಲ್ಲ.

ಅವರು ನಗಲಿಲ್ಲ. ಪರದೆಯ ಬೂದಿ ಮೋಡದೊಳಗೆ
ಗೆರೆ ಎಳೆದು, ಎಂಟೂವರೆ ಸೆಂಟಿಮೀಟರು ಅಂದರು.
ಸರಿ. ಕ್ರೂಸ್ ದಾಸ್ ಆಲ್ಮಸ್ ಕಡೆಯದು.
ದಪ್ಪ ಸಿಪ್ಪೆ, ಬೇಗ ಕೆಡುವುದಿಲ್ಲ.

ನಾಲ್ಕು ವರ್ಷದಿಂದ ಬಸ್ಸಿನಲ್ಲಿ
ನನಗೆ ಎದ್ದು ಜಾಗ ಬಿಡುತ್ತಾರೆ.
ಮೊದಮೊದಲು ಅಲ್ಲ ಅನ್ನುತ್ತಿದ್ದೆ.
ಈಗ ಕೂರುತ್ತೇನೆ. ಎಷ್ಟು ತಿಂಗಳು ಅಂದರೆ
ನಲವತ್ತೆಂಟು ಅನ್ನುತ್ತೇನೆ.

ಶುಕ್ರವಾರ ಇಲ್ಲಿ ಊರಿಗೆ ಊರೇ ಬಿಳಿ ಉಡುತ್ತದೆ,
ಮೀನಿನವನೂ, ಬ್ಯಾಂಕಿನವನೂ, ಕಂಕುಳ ಕೂಸೂ.
ನಾನು ಮಾತ್ರ ಕಪ್ಪು,
ಮತ್ತು ಚೀಲದಲ್ಲಿ ಇನ್ನೊಂದು ಕಪ್ಪು.
ದೇವರು ಕೇಳುವುದಿಲ್ಲ. ಅಕ್ಕಪಕ್ಕದವರು ಕೇಳುತ್ತಾರೆ.

ಅಕ್ಕ ಎಡೆಲ್ಜುಯಿತಾ ಗರ್ಭಕೋಶವನ್ನೇ ತೆಗೆಸಿದಳು.
ಮರವೇ ಇಲ್ಲ, ಇನ್ನು ಹಣ್ಣೆಲ್ಲಿ ಅಂತಾಳೆ.
ಆರು ವಾರ ಒಂದು ಚೊಂಬು ನೀರೂ ಎತ್ತಲಿಲ್ಲ,
ಏಳನೇ ವಾರ ಬೀದಿಯಲ್ಲಿ ಕುಣಿದಳು.
ರಾತ್ರಿ ಒಂದೊಂದು ಸಲ ಹೊಟ್ಟೆಯ ಮೇಲೆ ಕೈಯಿಟ್ಟು,
ಮನೆ ಖಾಲಿ ಮಾಡಿದವರು ಹಳೇ ಬೀಗದ ಕೈ ತಡಕುವ ಹಾಗೆ,
ತಡಕುತ್ತಾಳೆ. ಯಾರಿಗೂ ಹೇಳಬೇಡ ಅಂದಿದ್ದಾಳೆ.

ಎದುರಂಗಡಿಯ ಇವೊನೈಡೆ ಗಂಟುಗಳನ್ನಷ್ಟೇ ಕೊಯ್ಸಿಕೊಂಡಳು.
ಮಗುವಿನ ಆಸೆ. ಬಂತು, ಹೆಸರು ರುವಾನ್.
ಐದು ವರ್ಷಕ್ಕೆ ಗಂಟುಗಳೂ ಬಂದವು.
ಅವಕ್ಕೆ ಹೆಸರಿಟ್ಟಿಲ್ಲ.

ಮೂರನೆಯದಕ್ಕೆ ತೊಡೆಸಂದಿಯಲ್ಲೊಂದು ಸೂಜಿತೂತು.
ಎಳೆ ನಳಿಕೆ ರಕ್ತದ ಗಲ್ಲಿಗಳಲ್ಲಿ ನುಸುಳಿ
ಸಾಬಕ್ಕಿಗಿಂತ ಎಷ್ಟೋ ಸಣ್ಣ ಕಾಳು ಸುರಿದು
ಹಣ್ಣಿಗೆ ಹೋಗುವ ನೀರು ಕಟ್ಟುತ್ತದೆ.
ಹೊಟ್ಟೆ ಕೊಯ್ಯುವುದಿಲ್ಲ. ಮೊದಲ ರಾತ್ರಿ ಮಾತ್ರ
ಹಲ್ಲು ಕಚ್ಚಿಕೊಂಡಿರಬೇಕು, ಔಷಧಿ ಕೊಡುತ್ತೇವೆ ಅಂದರು.
ಎರಡು ವಾರಕ್ಕೆ ಅಂಗಡಿ ತೆರೆಯಬಹುದು.
ಗಂಟು ಬತ್ತುತ್ತದೆ, ಪೂರ್ತಿ ಹೋಗುವುದಿಲ್ಲ.
ಇನ್ನೊಮ್ಮೆ ಬೇಕಾದೀತು. ಬಸಿರಿನ ಮಾತು ಹೇಳಲಾಗದು.
ನಾಲ್ಕನೆಯದು, ಕಿವಿಗೆ ಕೇಳದ ಸದ್ದಿನಿಂದ ಸುಡುವ ಯಂತ್ರ,
ಅದಿರುವ ಊರಿಗೆ ವಿಮಾನ ಹತ್ತಬೇಕು.
ಅದನ್ನು ಬಿಡಿ, ಅಂದೆ.

ತಕ್ಕಡಿಗೆ ಎರಡೇ ತಟ್ಟೆ.

ಮಗು ಬೇಕೇ, ಅಂದರು.
ನಲವತ್ತೊಂದು, ಅಂದೆ.
ಅದು ವಯಸ್ಸು, ಉತ್ತರವಲ್ಲ, ಅಂದರು ಮೆಲ್ಲಗೆ.
ಕೇಳಿದವರು ಬೇಕಾದಷ್ಟು ಜನ; ಕೇಳಿ ಕಾದವರು ಇವರೊಬ್ಬರೇ.
ಹೊರಗೆ ತಳ್ಳುಗಾಡಿಯ ಸದ್ದು ಅಡಗುವ ತನಕ ಸುಮ್ಮನಿದ್ದೆ.
ಬೇಡ, ಅಂದೆ. ಆದರೆ ಮರ ಇರಲಿ.

ಸರದಿಯಲ್ಲಿ ನನ್ನ ಸಂಖ್ಯೆ ನೂರಾ ಹದಿನೇಳು.
ಮನೆಗೆ ಬಂದು ಬಿಳಿ ಲಂಗ ತೆಗೆದೆ. ನುಸಿಗುಳಿಗೆಯ ವಾಸನೆ.
ಸೊಂಟಕ್ಕೆ ನಾಲ್ಕು ಬೆರಳು ಸಾಲದು.
ಹೊಲಿಗೆ ಬಿಚ್ಚಲಿಲ್ಲ.
ಮಡಿಚಿ, ಮೇಲುಗಡೆಯೇ ಇಟ್ಟಿದ್ದೇನೆ.